ಎರಡು ಬೆರಳು ಹೆಚ್ಚು

ಪರಮಾನಂದ ಸತ್ತ ಸುದ್ದಿ ಬಂದದ್ದು ಒಬ್ಬ ಬಸ್ ಕಂಡಕ್ಟರನ ಬಾಯಿಂದ. ರಬಕವಿಯ ಪೇಟೆಯಲ್ಲಿ ತನ್ನ ಸೀರೆ ಅಂಗಡಿಯ ಗಾದಿಯ ಮೇಲೆ ಬಸಗೊಂಡಪ್ಪ ಊಟ ಮುಗಿಸಿ ಬಂದು ಆಗಷ್ಟೇ ಕುಳಿತಿದ್ದ. ಎದುರಿಗೆ ತೇರದಾಳದ ಇಬ್ಬರು ಹೆಂಗಸರು ಎಂಟು ಸೀರೆ ಬಿಚ್ಚಿಸಿ, ಇದರ ಅಂಚು ಅದರ ಒಡಲಿಗಿದ್ದಿದ್ದರೆ ತಗೊಳ್ಳುತ್ತಿದ್ದೆವು ಎಂದು ಮುಖ ಸಣ್ಣದು ಮಾಡಿಕೊಂಡು ಹೇಳುತ್ತಿದ್ದರು. ಫೋನಿನಲ್ಲಿ ತಮ್ಮನ ಹೆಸರು ಮೂಡಿತು. ಈ ಹೊತ್ತಿನಲ್ಲಿ ಆಫೀಸಿನಿಂದ ಫೋನು ಮಾಡಿದ್ದಾನೆಂದರೆ ಮತ್ತೆ ಸೈಕಲ್ಲಿನ ಮಾತೇ ಇರಬೇಕು ಎಂದುಕೊಂಡು ಬಸಗೊಂಡಪ್ಪ ಎತ್ತಲಿಲ್ಲ. ಮತ್ತೆ ರಿಂಗಾಯಿತು, ಆಗಲೂ ಎತ್ತಲಿಲ್ಲ. ಆಮೇಲೆ ಎತ್ತಿ, ಹಲೋ ಅನ್ನದೆ, "ಏನಪಾ, ಈಗೇನ ಬಂತು, ಗಾಲಿನೋ ಗಂಟಿನೋ" ಎಂದ. ಆ ಕಡೆ ಬೇರೆ ಯಾರದೋ ದನಿ, ಹಿಂದೆ ಎಂಜಿನ್ನಿನ ಸದ್ದು. "ಯಜಮಾನ್ರ, ಈ ಫೋನ್ ಇಟಗೊಂಡವರು ನಿಮಗ ಏನಾಗಬೇಕ್ರಿ?" ಎಂದು ಅದು ಕೇಳಿತು.

ಹೊರಡುವ ಮುಂಚೆ ಬಸಗೊಂಡಪ್ಪ ಎಂಟೂ ಸೀರೆಗಳನ್ನು ಮಡಚಿದ. ಇದನ್ನು ಅವನು ಆಮೇಲೆ ಎಷ್ಟು ಸಲ ನೆನೆಸಿಕೊಂಡನೋ. ಕಂಡಕ್ಟರ ಹೇಳಿದ್ದು ಕಿವಿಗೆ ಬಿದ್ದಿತ್ತು, ತಿಳಿದೂ ಇತ್ತು. ಆದರೆ ಕೈ ತನ್ನ ಕೆಲಸ ಬಿಡಲಿಲ್ಲ. ಅಂಚಿಗೆ ಅಂಚು ಕೂಡಿಸಿತು, ಸೆರಗನ್ನು ಒಳಗೆ ಮಾಡಿತು, ಅಂಗೈಯಿಂದ ಒತ್ತಿ ಗಾಳಿ ತೆಗೆಯಿತು. ಆಮೇಲೆ ಆ ಹೆಂಗಸರಿಗೆ, ನನ್ನ ತಮ್ಮ ಹೋಗ್ಯಾನ, ನಾಳೆ ಬರ್ರಿ ಎಂದ. ನಾಳೆ ಬರ್ರಿ ಎಂದಿದ್ದನ್ನು ಕೇಳಿ ಅವರಲ್ಲಿ ಹಿರಿಯಳು ಅವನ ಮುಖವನ್ನೇ ನೋಡಿದಳು. ಬನಹಟ್ಟಿಯ ಬಸ್ ಸ್ಟ್ಯಾಂಡಿನಲ್ಲಿ ಬಸ್ಸನ್ನು ಗೋಡೆಯ ಬದಿಗೆ ತಂದು ನಿಲ್ಲಿಸಿದ್ದರು. ಇಳಿದ ಮಂದಿ ಹೋಗದೆ ಕೆಳಗೆ ನಿಂತು ಕಿಟಕಿಯತ್ತ ಕತ್ತೆತ್ತಿ ನೋಡುತ್ತಿದ್ದರು. ಕಿಟಕಿಯ ಸರಳಿಗೆ ಹಣೆ ಹಚ್ಚಿ, ತೊಡೆಯ ಮೇಲೆ ಊಟದ ಡಬ್ಬಿಯ ಚೀಲ ಇಟ್ಟುಕೊಂಡು ಪರಮಾನಂದ ಕುಳಿತಿದ್ದ. ಎದೆಯಲ್ಲಿ ಗ್ಯಾಸ್ ಆಗೇತಿ ಎಂದು ಹೇಳಿ ಜಮಖಂಡಿಯ ಆಫೀಸಿನಿಂದ ಬೇಗ ಹೊರಟಿದ್ದನಂತೆ. ನಿದ್ದೆ ಹತ್ತಿರಬೇಕೆಂದು ಎಬ್ಬಿಸಲಿಲ್ಲ ಎಂದು ಕಂಡಕ್ಟರ ಮೂರು ಮಂದಿಗೆ ಮೂರು ಸಲ ಹೇಳಿದ. ಬಸಗೊಂಡಪ್ಪನಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಇದ್ದ ಮೋಟರ್ ಸೈಕಲ್ ಮಾರಿ ಇನ್ನೂ ಹುಟ್ಟದ ಸೈಕಲ್ಲಿಗೆ ಗಾಲಿ ತಂದಿಟ್ಟವನು, ಕಡೆಗೆ ಮಂದಿಯ ನಡುವೆ, ಟಿಕೀಟು ತೆಗೆಸಿ ಸತ್ತಿದ್ದ. ಆ ಸೈಕಲ್ಲಿನ ಮೇಲೆಯೇ ಸತ್ತಿದ್ದರೂ ಹೇಳಿಕೊಳ್ಳಲು ನಾಲ್ಕು ಮಾತು ಇರುತ್ತಿದ್ದವು.

ಗ್ರ್ಯಾವೆಲ್ ಬೈಕ್ ಎಂದು ತಮ್ಮ ಹೇಳುತ್ತಿದ್ದ. ಬೈಕ್ ಅಂದಮೇಲೆ ಎಂಜಿನ್ ಇರಬೇಕಲ್ಲ ಎಂದು ಬಸಗೊಂಡಪ್ಪ ಕೇಳಿದಾಗ, ಇಲ್ಲ ಅಣ್ಣಾ, ಇದು ಗರಸಿನ ಹಾದಿಯ ಸೈಕಲ್ಲು ಎಂದು ಕೂತು ತಿಳಿಸಿ ಹೇಳಿದ್ದ. ಡಾಂಬರಿನ ಮೇಲೆ ಓಡುವುದೇ ಬೇರೆ, ಗುಡ್ಡ ಹತ್ತುವುದೇ ಬೇರೆ, ಇದು ಎರಡರ ನಡುವಿನದು. ಕಬ್ಬಿನ ಟ್ರ್ಯಾಕ್ಟರು ಓಡಾಡಿ ಕಲ್ಲೆದ್ದ ಕಾಲುವೆ ದಂಡೆಯಲ್ಲೂ ಹೋಗುತ್ತದೆ, ಊರ ರಸ್ತೆಯಲ್ಲೂ ಹೋಗುತ್ತದೆ. "ಹಂಗಾರ ಎಮ್ಮಿ ತಗೋ," ಎಂದಿದ್ದ ಬಸಗೊಂಡಪ್ಪ, "ಅದೂ ಎಲ್ಲಾ ಹಾದ್ಯಾಗ ಹೋಗತೈತಿ, ಮ್ಯಾಲ ಹಾಲ ಕೊಡತೈತಿ." ಅಂಗಡಿಯಲ್ಲಿದ್ದವರು ನಕ್ಕಿದ್ದರು. ಪರಮಾನಂದನೂ ನಕ್ಕಿದ್ದ. ಯಾರು ಅವನನ್ನು ನೋಡಿ ನಕ್ಕರೂ ಅವರ ಜೊತೆ ತಾನೂ ನಗುವುದು ಅವನಿಗೆ ಸಣ್ಣಂದಿನಿಂದ ಬಂದದ್ದು. ಆ ಸೈಕಲ್ಲಿಗೆ ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಮಡಗಾರ್ಡ್ ಇಲ್ಲ. ಹ್ಯಾಂಡಲ್ಲು ಟಗರಿನ ಕೋಡಿನಂತೆ ಕೆಳಕ್ಕೆ ಸುತ್ತಿಕೊಂಡಿರುತ್ತದೆ. ಇಷ್ಟೆಲ್ಲ ಇಲ್ಲದ ಒಂದು ವಸ್ತುವಿಗೆ ಎರಡು ಮಗ್ಗದ ರೊಕ್ಕ. ಅದೂ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದಲ್ಲ. ಪುಣೆಯಲ್ಲಿ ಒಬ್ಬ ಕುಳಿತು, ಹತ್ತುವವನ ಕಾಲು ಕೈ ಎದೆಯ ಅಳತೆ ತರಿಸಿಕೊಂಡು, ಆ ಒಬ್ಬನಿಗೇ ಆಗುವಂತೆ ಉಕ್ಕಿನ ಕೊಳವೆಗಳನ್ನು ಬೆಸೆದು ಫ್ರೇಮ್ ಮಾಡಿ ಕಳಿಸುತ್ತಾನಂತೆ. ತಾಯಿ ಹೆತ್ತ ಮೈಗೆ ಇನ್ನೊಂದು ಮೈ ಹೊಲಿಸಿಕೊಳ್ಳುವ ಈ ಚಪಲ ಐವತ್ನಾಲ್ಕು ವಯಸ್ಸಿನ ಗಂಡಸಿಗೆ, ಅದೂ ನೀರಾವರಿ ಕಚೇರಿಯ ಕಾರಕೂನನಿಗೆ, ಮದುವೆಗೆ ಬಂದ ಮಗಳ ಅಪ್ಪನಿಗೆ ಯಾಕೆ ಹುಟ್ಟಬೇಕು? ಕೇಳಿದ್ದಕ್ಕೆ ಪರಮಾನಂದ, "ಮೂವತ್ತು ವರ್ಷ ಕಾಗದದ ಮ್ಯಾಲ ನೀರ ಹರಿಸೇನಿ ಅಣ್ಣಾ. ಒಮ್ಮೆ ಅದರ ಸಂಗಾಟ ಹೋಗಿ ನೋಡಬೇಕಾಗೇತಿ" ಎಂದಿದ್ದ. ರನ್ನ ಬೆಳಗಲಿಯ ಹೊಲಗಳ ಮೇಲೆ ಹಾದು ಮುಧೋಳ, ಅಲ್ಲಿಂದ ಬೀಳಗಿಯ ಹಿನ್ನೀರು, ತಿರುಗಿ ನದಿ ಹಿಡಿದು ತುಬಚಿಯ ಪಂಪುಗಳ ತನಕ. ಈ ಹೆಸರುಗಳನ್ನು ಅವನು ಕಾಶಿ ರಾಮೇಶ್ವರ ಹೇಳಿದಂತೆ ಹೇಳುತ್ತಿದ್ದ. ತುಬಚಿಗೆ ಹೋಗಲು ಬಸ್ಸಿಲ್ಲವೇನು ಎಂದು ಬಸಗೊಂಡಪ್ಪ ಕೇಳಿದ್ದ.

ನಾಲ್ಕು ವರ್ಷ ಅವನು ರೊಕ್ಕ ಕೂಡಿಸಿದ. ಆಫೀಸಿನ ಹೊರಗಿನ ಚಹಾ ಬಿಟ್ಟ, ಎಲೆ ಅಡಿಕೆ ಬಿಟ್ಟ, ಕಾರಹುಣ್ಣಿಮೆಗೆ ಒಂದು ಸಾಮಾನು, ದೀಪಾವಳಿಗೆ ಒಂದು ಸಾಮಾನು ಎಂದು ತರಿಸಿದ. ಒಮ್ಮೆ ಬರೀ ಬ್ರೇಕು, ಒಮ್ಮೆ ಬರೀ ಪೆಡಲು. ತರಿಸಿದ್ದನ್ನೆಲ್ಲ ಬಸಗೊಂಡಪ್ಪನ ಅಂಗಡಿಯ ಖಾಲಿ ಸೀರೆ ಡಬ್ಬಿಗಳಲ್ಲಿಟ್ಟು ಮಂಚದ ಕೆಳಗೆ ಸರಿಸುತ್ತಿದ್ದ. ಡಬ್ಬಿ ಕೇಳಲು ಬಂದಾಗಲೆಲ್ಲ ಬಸಗೊಂಡಪ್ಪ ಏನಾದರೊಂದು ಅನ್ನದೆ ಕೊಟ್ಟವನಲ್ಲ. ಹುಟ್ಟದ ಕೂಸಿಗೆ ಕುಂಚಿಗೆ ಹೊಲಿಸುತ್ತಾನೆ ಎಂದು ಹೆಂಡತಿ ಕೆಂಪವ್ವನ ಮುಂದೆ ಆಡಿಕೊಳ್ಳುತ್ತಿದ್ದ. ಹಿಂದಿನ ಗಾಲಿಯ ನಡುವಿನ ಹಬ್ಬು ಬಂದ ದಿನ ಪರಮಾನಂದ ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಅಂಗಡಿಗೇ ಬಂದು ತಿರುಗಿಸಿ ತೋರಿಸಿದ್ದ. ಮಿಡತೆ ಕೂಗಿದಂತೆ ಸಣ್ಣಗೆ ಸದ್ದು ಮಾಡುತ್ತ ಅದು ಎಷ್ಟು ಹೊತ್ತು ತಿರುಗಿತೆಂದರೆ, ಗಾದಿಯ ಮೇಲಿದ್ದವರ ಮಾತು ನಿಂತು ಎಲ್ಲರೂ ಅದು ನಿಲ್ಲುವುದನ್ನೇ ಕಾಯತೊಡಗಿದರು. ಬಸಗೊಂಡಪ್ಪನೂ ಕಾದ. ತಾನು ಕಾದದ್ದು ತಿಳಿದ ಕೂಡಲೇ ಅವನಿಗೆ ಅವಮಾನವಾದಂತಾಯಿತು. "ಮನಿ ಮಗ್ಗ ನಿಂತ್ವು, ಇದೊಂದು ತಿರಗಾಕತ್ತೇತಿ" ಎಂದುಬಿಟ್ಟ. ಆ ಮಾತಿಗೆ ಮಾತ್ರ ತಮ್ಮ ನಗಲಿಲ್ಲ. ಮನೆಯ ಮಗ್ಗಗಳನ್ನು ಮಾರಿದ್ದು ಬಸಗೊಂಡಪ್ಪನೇ, ಪರಮಾನಂದನಲ್ಲ.

ನಾಳೆ ಪರಮಾನಂದನ ಗಣಾರಾಧನೆ, ಸತ್ತವರ ಹೆಸರಿನಲ್ಲಿ ಜಂಗಮರಿಗೆ ಊಟ ಹಾಕುವ ದಿನ. ಬೆಳಗ್ಗೆ ಪೂಜೆಗೆ ಕುಳಿತ ಬಸಗೊಂಡಪ್ಪನಿಗೆ ಲಿಂಗದ ಮೇಲೆ ಕಣ್ಣು ನಿಲ್ಲಲಿಲ್ಲ. ಎಡ ಅಂಗೈಯಲ್ಲಿ ಲಿಂಗ, ಅದಕ್ಕೆ ವಿಭೂತಿ ಹಚ್ಚುವ ಬಲಗೈ. ಆ ಬಲಗೈಯ ಹೆಬ್ಬೆರಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿತ್ತು. ಉಗುರು ಸವೆದು ಚಪ್ಪಟೆಯಾದ, ಅರಿವೆ ಅಳೆದು ಅಳೆದು ಹೊರಕ್ಕೆ ಬಾಗಿದ ಬೆರಳು. ಅಳತೆ ಮುಗಿದಲ್ಲಿ ಎರಡು ಬೆರಳು ಹೆಚ್ಚು ಬಿಟ್ಟು ಹೆಬ್ಬೆರಳು ಊರಬೇಕೆಂದು ಅಪ್ಪ ಕಲಿಸಿದ್ದ. ಖಣ ಇರಲಿ, ಧೋತರ ಇರಲಿ, ಗಿರಾಕಿ ಕೇಳಲಿ ಬಿಡಲಿ. ಅಂಗಡಿ ಹೆಸರಾದದ್ದು ಇದರಿಂದಲೇ. ಸುತ್ತಲಿನ ಊರಿನವರು ಎರಡು ಅಂಗಡಿ ದಾಟಿ ಇಲ್ಲಿಗೆ ಬರುವುದು ಇದಕ್ಕೇ. ಐವತ್ತು ವರ್ಷವಾದ ಮೇಲೆ ಅದು ಅವನು ಮಾಡುವ ಕೆಲಸವಾಗಿ ಉಳಿದಿಲ್ಲ, ಬೆರಳೇ ಮಾಡಿಕೊಳ್ಳುತ್ತದೆ. ಪೂಜೆಯಲ್ಲಿ ಬೆರಳಿನ ಧ್ಯಾನ ಮಾಡುವ ಭಕ್ತ ನಾನೊಬ್ಬನೇ ಇರಬೇಕು ಎಂದು ತನ್ನನ್ನು ಬೈದುಕೊಂಡು ಅವನು ಲಿಂಗವನ್ನು ಕರಡಿಗೆಯಲ್ಲಿಟ್ಟ.

ಕುಣಿ ತೋಡುವುದು ಸತ್ತವರ ಪಾದದ ಅಳತೆಯ ಮೇಲೆ, ಇಷ್ಟು ಪಾದ ಉದ್ದ, ಇಷ್ಟು ಪಾದ ಅಗಲ ಎಂದು. ಮಣ್ಣು ಕೊಟ್ಟ ದಿನ ಅಯ್ಯನವರು ದಾರದ ಉಂಡೆ ಕೊಟ್ಟು, ಹಿರಿಯರು ನೀವು ಅಳೀರಿ ಎಂದಿದ್ದರು. ಬಸಗೊಂಡಪ್ಪ ತಮ್ಮನ ಕಾಲ ಬಳಿ ಕುಳಿತು ಹಿಮ್ಮಡಿಯಿಂದ ಹೆಬ್ಬೆರಳಿನ ತನಕ ದಾರ ಎಳೆದು ಹಿಡಿದು ಕಡಿದುಕೊಟ್ಟ. ಪಾದ ತಣ್ಣಗಿತ್ತು, ಹಿಮ್ಮಡಿಯ ಬಿರುಕಿನಲ್ಲಿ ಕೆಂಪು ಮಣ್ಣಿತ್ತು. ಹಳೆಯ ಸೈಕಲ್ ಹತ್ತಿ ಕಾಲುವೆ ದಂಡೆಗೆ ಹೋಗಿದ್ದ ಭಾನುವಾರದ ಮಣ್ಣು. ಮಣ್ಣಿಗಿಡುವ ಹೊತ್ತಿಗೆ ನೋಡಿದರೆ ಕುಣಿ ಸಡಿಲವಾಗಿತ್ತು. ಕೂರಿಸಿದ ಮೈ ಬಲಕ್ಕೊಮ್ಮೆ ಎಡಕ್ಕೊಮ್ಮೆ ವಾಲಿತು. ತಂದ ವಿಭೂತಿ ಸಾಲದೆ ಓಣಿಯಲ್ಲಿ ಮನೆ ಮನೆಗೆ ಹೋಗಿ ಇನ್ನಷ್ಟು ತಂದು ಸುತ್ತ ತುಂಬಬೇಕಾಯಿತು. ಎದುರು ಮನೆಯ ರಾಮಲಿಂಗಪ್ಪ ಕುಣಿಯೊಳಗೆ ಬಗ್ಗಿ ನೋಡಿ, "ಬಸಗೊಂಡಪ್ಪಾ, ಇದೇನೋ ಮಾರಾಯಾ, ಇಬ್ಬರನ್ನ ಕುಂದರಸೂ ಹಂಗ ಆಗೇತಿ" ಎಂದ. ಯಾರೋ ಬಾಯಿಗೆ ಟವೆಲ್ ಹಿಡಿದರು, ಅಳುವಿಗೋ ನಗುವಿಗೋ. ಆಗಲೇ ಬಸಗೊಂಡಪ್ಪನಿಗೆ ತನ್ನ ಬೆರಳು ನೆನಪಾದದ್ದು. ಸತ್ತ ತಮ್ಮನ ಪಾದಕ್ಕೂ ಅದು ಎರಡು ಬೆರಳು ಬಿಟ್ಟಿತ್ತು. ಅದರ ಬೆನ್ನಿಗೇ ಇನ್ನೊಂದು ಅಳತೆ ನೆನಪಾಗಿ, ಹಿಡಿ ಮಣ್ಣು ಹಾಕಲು ಎತ್ತಿದ ಕೈ ಅಲ್ಲಿಯೇ ನಿಂತಿತು.

ಆ ಅಳತೆ ತೆಗೆದದ್ದು ಈ ಬೇಸಿಗೆಯಲ್ಲಿ, ಲಗ್ನದ ಜವಳಿಯ ಗದ್ದಲದಲ್ಲಿ. ಅಂಗಡಿ ತುಂಬ ರನ್ನ ಬೆಳಗಲಿಯಿಂದ ಬಂದ, ಯಾರದೋ ಮದುವೆಯ ಬೀಗರು. ಪರಮಾನಂದ ಚಪ್ಪಲಿ ಬಿಟ್ಟು ಒಳಗೆ ಬಂದು, ಅಣ್ಣಾ, ಫ್ರೇಮಿಗೆ ಅಳತಿ ಕಳಸಬೇಕಾಗೇತಿ, ನೀ ಅಳದ ಕೊಡು ಎಂದ. ನಾಳೆ ಬಾ ಅಂದಿದ್ದರೆ ಬರುತ್ತಿದ್ದ. ಮಂದಿ ಇದ್ದಾರೆಂದೇ ಬಸಗೊಂಡಪ್ಪ ಅವನನ್ನು ಕಂಬಕ್ಕೆ ಬೆನ್ನು ಹಚ್ಚಿ ನಿಲ್ಲಿಸಿದ. ಗಜಕಡ್ಡಿಯನ್ನು, ಅಪ್ಪನ ಕಾಲದ ಆ ಕಬ್ಬಿಣದ ಕಡ್ಡಿಯನ್ನು, ತೊಡೆಸಂದಿಯಿಂದ ನೆಲದ ತನಕ ಇಟ್ಟ. ಕೈ ಚಾಚು ಎಂದ, ತಿರುಗು ಎಂದ, ಹೊಟ್ಟಿ ಒಳಗ ತಗೋ ಎಂದ. ತಲೆ ನರೆತ ಗಂಡಸು ಸಾಲಿ ಹುಡುಗನಂತೆ ಹೇಳಿದ್ದನ್ನೆಲ್ಲ ಮಾಡಿದ. ಬೀಗರ ಪೈಕಿ ಒಬ್ಬಳು, ಅಂಗಿ ಹೊಲಸಾಕೇನ್ರಿ ಎಂದು ಕೇಳಿದಳು. "ಅಲ್ಲವಾ, ಕುಣಿಗೆ ಅಳತಿ ತಗೊಳಾಕತ್ತೇನಿ" ಎಂದ ಬಸಗೊಂಡಪ್ಪ. ಅಂಗಡಿಗೆ ಅಂಗಡಿಯೇ ನಕ್ಕಿತು. ಕಂಬಕ್ಕೆ ನಿಂತವನೂ ನಕ್ಕ. ಅಳತೆಗಳನ್ನು ಫೋನಿನಲ್ಲಿ ಬರೆದುಕೊಂಡು, ಚಪ್ಪಲಿ ಮೆಟ್ಟಿ, ಹೋಗುವಾಗ ಎಂದಿನಂತೆ ಅಪ್ಪನ ಫೋಟೋಕ್ಕೆ ಕೈ ಮುಗಿದು ಹೋದ. ಆ ಮಾತು ನಿಜವಾಗಲು ಆರು ತಿಂಗಳೂ ಹಿಡಿಯಲಿಲ್ಲ. ದೇವರು ಇಂಥ ಮಾತುಗಳನ್ನೇ ಆರಿಸಿ ಕೇಳಿಸಿಕೊಳ್ಳುತ್ತಾನೆ. ದಿನಾಲು ಕೈಯಲ್ಲಿ ಹಿಡಿದು ಬೇಡಿದ್ದು ಅವನ ಕಿವಿಗೆ ಬೀಳುವುದಿಲ್ಲ. ಹಾಗೆಂದುಕೊಂಡ ಕೂಡಲೇ ಬಸಗೊಂಡಪ್ಪ ಗಲ್ಲಕ್ಕೆ ಹೊಡೆದುಕೊಂಡ.

ಪೂಜೆ ಮುಗಿದು ಊಟಕ್ಕಿಂತ ಮುಂಚೆ ಮನೆಗೆ ಪಾರ್ಸಲ್ಲಿನವನು ಬಂದ. ಮನುಷ್ಯನುದ್ದದ ರಟ್ಟಿನ ಪೆಟ್ಟಿಗೆ, ಮೇಲೆ ಪುಣೆಯ ವಿಳಾಸ. ಪರಮಾನಂದ ಅವರು ಬೇಕ್ರಿ ಎಂದ. ಅಂವ ಇಲ್ಲ ಎಂದ ಬಸಗೊಂಡಪ್ಪ. "ಯಾವಾಗ ಬರತಾರ್ರಿ?" ಎಂದು ಅವನು ಕೇಳಿದ. ಗಣಾರಾಧನೆಗೆ ಹಾಕಿದ ಹಂದರದ ಕೆಳಗೆ ನಿಂತುಕೊಂಡೇ ಕೇಳಿದ. ಬಸಗೊಂಡಪ್ಪ ಅವನನ್ನು ನೋಡುತ್ತ ನಿಂತ. ಅವರ ಫೋನಿಗೆ ನಂಬರು ಬಂದಿರತೈತಿ, ಅದನ್ನ ಹೇಳಿದರ ಸಾಕು ಎಂದು ಪಾರ್ಸಲ್ಲಿನವನು ಅವಸರ ಮಾಡಿದ. ಪರಮಾನಂದನ ಹೆಂಡತಿ ವಂದನಾ ಗಂಡನ ಫೋನನ್ನು ದೇವರ ಜಗಲಿಯ ಮೇಲೆ ಚಾರ್ಜಿಗೆ ಹಾಕಿಯೇ ಇಟ್ಟಿದ್ದಳು. ಇಷ್ಟು ದಿನ ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಒಳಗಿನಿಂದಲೇ ಒಂದೊಂದಾಗಿ ಅಂಕಿ ಓದಿದಳು. ಸಾಲೆಯಲ್ಲಿ ಮಗ್ಗಿ ಒಪ್ಪಿಸುವ ದನಿ. ಪಾರ್ಸಲ್ಲಿನವನು ಥ್ಯಾಂಕ್ಸ್ ಸರ್ ಎಂದು ಯಾರಿಗೋ ಹೇಳಿ ಹೋದ.

ಪೆಟ್ಟಿಗೆಯ ಒಂದು ಬಾಯಿ ಬಿಚ್ಚುವಷ್ಟರಲ್ಲಿ ಜಮಖಂಡಿಯ ಸೈಕಲ್ ಮಂದಿ ಬಂದರು. ತಲೆಯ ಮೇಲೆ ಎರಡು ಸೈಕಲ್ ಹೊತ್ತ ಕಾರಿನಲ್ಲಿ. ಸೈಕಲ್ಲನ್ನು ಕಾರಿನ ಮೇಲೆ ಹೊರುವವರು, ಮೈ ಬೆವರಲೆಂದು ರೊಕ್ಕ ಕೊಟ್ಟು ಸೈಕಲ್ ತಂದವರು, ಭಾನುವಾರ ಮುಂಜಾನೆ ತೊಡೆಗೆ ಅಂಟಿದ ಚಡ್ಡಿ ಹಾಕಿಕೊಂಡು ಇಡ್ಲಿ ತಿನ್ನಲು ಊರಿಂದೂರಿಗೆ ಹೋಗಿ ಅದರ ಫೋಟೋ ಹಾಕುವವರು. ಇವರ ಸಹವಾಸದಿಂದಲೇ ತಮ್ಮ ಕೆಟ್ಟದ್ದೆಂದು ಬಸಗೊಂಡಪ್ಪನ ತೀರ್ಮಾನವಾಗಿತ್ತು. ಅವರೊಳಗೆ ಮುಂದಿದ್ದವನು ರಾಹುಲ, ಹಲ್ಲಿನ ಡಾಕ್ಟರ. ಅವನು ವಂದನಾಳ ಮುಂದೆ ಕೈ ಮುಗಿದು ನಿಂತು, ಪರಮಾನಂದ ಸರ್ ನಮಗೆಲ್ಲ ಕಾಲುವೆ ದಾರಿ ತೋರಿಸಿದವರು ಎಂದು ಹೇಳಿದ. ಹಾಗೆ ಹೇಳುತ್ತಲೇ ಕಣ್ಣು ಪೆಟ್ಟಿಗೆಯ ಮೇಲೆ ಹೋಯಿತು. ಮುಟ್ಟಲೇನ್ರಿ ಎಂದು ಕೇಳಿ, ಕಾಗದ ಸರಿಸಿ, ಕೊಳವೆಯ ಮೇಲೆ ಬೆರಳಾಡಿಸಿದ. ಕಾಲುವೆಯ ಕೆಂಪು ನೀರಿನ ಬಣ್ಣ. ಇದು ಅಂಗಿ ಇದ್ದಂಗಲ್ರಿ ಕಾಕಾರ, ಚರ್ಮ ಇದ್ದಂಗ ಎಂದ. ಒಂದು ಬೆರಳು ಹೆಚ್ಚಾದರೂ ಸಾಕು, ಮೊಣಕಾಲು ಸೊಂಟ ಎಲ್ಲ ಹಾಳು, ಹತ್ತಿದವನು ಹತ್ತು ದಿನದಲ್ಲಿ ಮೂಲೆಗೆ ಒಗೆಯುತ್ತಾನೆ, ಇಷ್ಟೆಲ್ಲ ಮಾಡಿಸಿದ್ದು ನೀರಿಗೆ ಹೋದಂತೆ. ಆಮೇಲೆ ಸುಮ್ಮನೆ, ಮಾತಿಗೆ ಮಾತೆಂದು, ಅಳತೆ ಯಾರು ತೆಗೆದಿದ್ದರೆಂದು ಕೇಳಿದ.

"ಭಾವಾರು ಅಳದಿದ್ರು" ಎಂದಳು ವಂದನಾ.

"ಹಂಗಾರ ಚಿಂತಿಲ್ಲ. ಸೀರಿ ಅಂಗಡಿಯವರು, ಅಳತಿ ತಪ್ಪೂದಿಲ್ಲ" ಎಂದ ರಾಹುಲ.

ಬಸಗೊಂಡಪ್ಪನ ಕಿವಿಯಲ್ಲಿ ಬಿಸಿ ಏರಿತು. ತನ್ನನ್ನು ಹಂಗಿಸುತ್ತಿದ್ದಾನೋ ಎಂದು ಅವನ ಮುಖ ನೋಡಿದ. ಅಲ್ಲಿ ಹಾಗೇನೂ ಇರಲಿಲ್ಲ. ತಪ್ಪಾಗಿ ತಿಳಕೋಬ್ಯಾಡ್ರಿ, ಮನೆಯಲ್ಲಿ ಬೇಡವಾದರೆ ಅವರಷ್ಟೇ ಎತ್ತರದ ಒಬ್ಬ ಗೆಳೆಯನಿದ್ದಾನೆ, ಎಲ್ಲ ಸಾಮಾನನ್ನೂ ಕೂಡಿಯೇ ತಗೊಳ್ಳುತ್ತಾನೆ, ನಾಳೆ ಟೇಪು ತಂದು ಒಮ್ಮೆ ಅಳೆದು ನೋಡುತ್ತೇನೆ ಎಂದು ರಾಹುಲ ಮೆಲ್ಲಗೆ ಹೇಳಿದ. ಅಳೆದು ನೋಡುತ್ತಾನೆ. ಅಳೆದು, ಹುಬ್ಬು ಗಂಟಿಕ್ಕಿ, ಇದು ಸರ್ ಅಳತೆಯಲ್ಲ ಎನ್ನುತ್ತಾನೆ. ಗಂಡ ನಾಲ್ಕು ವರ್ಷ ಬಾಯಿ ಕಟ್ಟಿ ಕೂಡಿಸಿದ್ದು ಗಂಡನಿಗೇ ಆಗುತ್ತಿರಲಿಲ್ಲ, ಬದುಕಿದ್ದರೂ ಆಗುತ್ತಿರಲಿಲ್ಲ ಎಂಬುದು ವಂದನಾಳಿಗೆ ಈ ಹಂದರದ ಕೆಳಗೆ, ಮಂದಿಯ ನಡುವೆ, ಒಬ್ಬ ಹಲ್ಲು ಕೀಳುವವನಿಂದ ತಿಳಿಯುತ್ತದೆ. "ಅಳಿಯೂದೇನ ಬ್ಯಾಡ್ರಿ," ಎಂದ ಬಸಗೊಂಡಪ್ಪ. "ಸಂಜಿಕ ಗಾಡಿ ಕಳಿಸಿ ಎಲ್ಲಾನೂ ಒಯ್ದಬಿಡ್ರಿ. ಕೊಟ್ಟಷ್ಟ ಕೊಡ್ರಿ, ಕೊಡದಿದ್ರೂ ನಡೀತೈತಿ." ವಂದನಾ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು ಒಳಗೆ ಹೋದಳು. ತಮ್ಮನ ಹೆಂಡತಿ ಇಷ್ಟು ವರ್ಷದಲ್ಲಿ ಅವನೆದುರು ಆಡದೆ ಉಳಿಸಿದ ಮಾತುಗಳೆಲ್ಲ ಆ ಸೆರಗಿನ ಹಿಂದೆ ಇದ್ದಂತಿತ್ತು. ಅಡುಗೆಮನೆಯಿಂದ ಕೆಂಪವ್ವ ಹೊರಬಂದು, ನಾಳಿನ ತನಕಾದರೂ ತಡಕೋಬಾರದೇನು, ಅಂಗಡಿ ಸ್ಟಾಕ್ ಖಾಲಿ ಮಾಡಿದಂಗ ಮಾಡತೀರಲ್ಲ ಎಂದು ಅವನಿಗಷ್ಟೇ ಕೇಳುವಂತೆ ಅಂದು ಹೋದಳು.

ಮಧ್ಯಾಹ್ನ ಮನೆ ತಣ್ಣಗಾಯಿತು. ಹೆಂಗಸರು ನಡುಮನೆಯಲ್ಲಿ ಅಡ್ಡಾದರು. ಬಸಗೊಂಡಪ್ಪ ಅಂಗಡಿಗೆ ಹೋಗಿ ಗಜಕಡ್ಡಿ ತಂದ. ಓಣಿಯಲ್ಲಿ ಯಾರೂ ನೋಡದಿರಲೆಂದು ಅದನ್ನು ಧೋತರದ ಮಗ್ಗುಲಿಗೆ ಹಚ್ಚಿ, ಕಾಲು ಸೆಟೆಸಿ ನಡೆದು ಬಂದ. ಅರವತ್ತೆಂಟು ವಯಸ್ಸಿನ ವರ್ತಕ ತನ್ನ ಕಡ್ಡಿಯನ್ನು ತಾನೇ ಕದ್ದು ತರುವುದು. ತಮ್ಮನ ಕೋಣೆಯ ಬಾಗಿಲು ಮುಂದೆ ಮಾಡಿ ಫ್ರೇಮನ್ನು ಪೆಟ್ಟಿಗೆಯಿಂದ ಹೊರಗೆಳೆದ. ಎತ್ತಿದರೆ ಒಂದು ಕೊಡ ನೀರಿನಷ್ಟೂ ಭಾರವಿಲ್ಲ. ಗಾಲಿ ಇಲ್ಲದ, ಹ್ಯಾಂಡಲ್ಲಿಲ್ಲದ, ಸೀಟಿಲ್ಲದ ಬರೀ ಎಲುಬು. ಕಡ್ಡಿ ಹಿಡಿದು ಬಗ್ಗಿದ ಮೇಲೆ ಗೊತ್ತಾಯಿತು, ಎಲ್ಲಿಂದ ಎಲ್ಲಿಗೆ ಅಳೆಯಬೇಕೆಂಬುದೇ ತನಗೆ ತಿಳಿಯದು. ಇಲ್ಲಿ ಕಾಲು ಯಾವುದು, ಕೈ ಯಾವುದು? ಅಳೆದ ಅಂಕಿಗಳೂ ನೆನಪಿಲ್ಲ. ನೆನಪಿದ್ದದ್ದು ನಗೆ ಮಾತ್ರ. ಗೂಟದ ಮೇಲೆ ಪರಮಾನಂದನ ಪ್ಯಾಂಟು ಜೋತಾಡುತ್ತಿತ್ತು, ಸತ್ತ ದಿನದ ಹಿಂದಿನ ದಿನ ಹಾಕಿಕೊಂಡದ್ದು. ಅವನ ಕಾಲಿನ ಉದ್ದ ಇನ್ನು ಉಳಿದಿರುವುದು ಅದೊಂದರಲ್ಲೇ. ಬಸಗೊಂಡಪ್ಪ ಅದನ್ನು ತೆಗೆದು, ಜೇಬಿನಲ್ಲಿದ್ದ ಚಿಲ್ಲರೆ ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದು, ಸೀಟು ಬರುವ ಕೊಳವೆಯ ತುದಿಗೆ ಸೊಂಟ ಹಚ್ಚಿ ಕೆಳಗಿಳಿಬಿಟ್ಟ. ಪ್ಯಾಂಟಿನ ಕಾಲು ನೆಲದ ಮೇಲೆ ಮಡಚಿ ಬಿತ್ತು. ಅಂದರೆ ಹೆಚ್ಚೋ ಕಡಿಮೆಯೋ? ಸೀಟು ಇನ್ನೂ ಮೇಲೆ ಬರಬೇಕಲ್ಲ, ಎಷ್ಟು ಮೇಲೆ? ಅವನು ಮೊಣಕಾಲೂರಿ, ಪ್ಯಾಂಟಿನ ಇನ್ನೊಂದು ಕಾಲನ್ನು ಆಚೆಗೆ ಹಾಕಿ, ಮತ್ತೆ ಎಳೆದು ಹಿಡಿದ.

"ದೊಡ್ಡಪ್ಪಾ, ಅದಕ್ಕ ಪ್ಯಾಂಟ ತೊಡಸಾಕತ್ತೀರೇನು?"

ಬಾಗಿಲಲ್ಲಿ ಅಂಜನಾ ನಿಂತಿದ್ದಳು. ಪರಮಾನಂದನ ಒಬ್ಬಳೇ ಮಗಳು, ಮುಧೋಳದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಅವಳು ನಕ್ಕಳು. ಅಪ್ಪ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ನಗು ತುಸು ಎಳೆದಲ್ಲಿ ಅಳುವಾಯಿತು, ಮತ್ತೆ ಸೆರಗಿನಿಂದ ಮೂಗೊರೆಸಿಕೊಂಡು ಒಳಗೆ ಬಂದಳು. ಬಸಗೊಂಡಪ್ಪನಿಗೆ ಏಳಲಾಗಲಿಲ್ಲ. ಮೊಣಕಾಲು ಹಿಡಿದಿತ್ತು. ಕೂತಲ್ಲಿಂದಲೇ, ಗಜಕಡ್ಡಿಯ ಕಡೆ ನೋಡುತ್ತ, ಇದರ ಅಳತೆ ಸರಿ ಇದೆಯೋ ಇಲ್ಲವೋ ನಿನಗೆ ತಿಳಿಯುತ್ತದೇನು ಎಂದು ಕೇಳಿದ. ಅವಳು ಯಾಕೆ ಎಂದು ಕೇಳಲಿಲ್ಲ. ಕಡ್ಡಿಯನ್ನೂ ನೋಡಿದಳು, ಅವನನ್ನೂ ನೋಡಿದಳು.

"ಅಪ್ಪಗ ಬರೋಬ್ಬರಿ ಐತ್ರಿ," ಎಂದಳು. "ಪುಣೆಕ ಅಳತಿ ಕಳಿಸಿದ್ದು ನಾನ. ನೀವು ಹೇಳಿದ್ದನ್ನ ಅಪ್ಪ ಹಂಗ ಕಳಸಲಿಲ್ಲ. ಒಂದೊಂದರಾಗೂ ಎರಡು ಬೆರಳು ತಗಸಿದ."

ಬಸಗೊಂಡಪ್ಪ ಪ್ಯಾಂಟನ್ನು ತೊಡೆಯ ಮೇಲೆ ಮಡಚತೊಡಗಿದ್ದ. ಕೈ ನಿಂತಿತು.

"ಯಾಕಪಾ ಅಂದ್ರ," ಅಂಜನಾ ಫ್ರೇಮಿನ ಮೇಲೆ ಬಿದ್ದ ಕಾಗದದ ಚೂರು ತೆಗೆಯುತ್ತ ಹೇಳಿದಳು, "ನಮ್ಮಣ್ಣ ಯಾರಿಗೂ ಕಡಿಮಿ ಅಳದಾಂವ ಅಲ್ಲ, ನನಗೂ ಹೆಚ್ಚ ಅಳದಿರತಾನ ಅಂದ."

ಹೊರಗೆ ಎಲ್ಲೋ ಒಂದು ಮಗ್ಗ ಬಡಿದುಕೊಳ್ಳುತ್ತಿತ್ತು. ಗೊತ್ತಿತ್ತು ತಮ್ಮನಿಗೆ. ಕಂಬಕ್ಕೆ ಬೆನ್ನು ಹಚ್ಚಿ ನಿಂತು, ಕುಣಿಯ ಮಾತು ಕೇಳಿಸಿಕೊಂಡು, ಬೀಗರ ಜೊತೆ ತಾನೂ ನಗುತ್ತ, ಅಣ್ಣನ ಹೆಬ್ಬೆರಳು ತನ್ನ ಕಾಲ ಬಳಿ ಎರಡು ಬೆರಳು ಮುಂದೆ ಸರಿದದ್ದನ್ನು ಅವನು ನೋಡುತ್ತಲೇ ಇದ್ದ. ತಪ್ಪು ಅಳತೆ ಎಂದು ತಿಳಿದೇ ಬರೆದುಕೊಂಡ. ತಿದ್ದಲಿಲ್ಲ, ಮಂದಿಯ ಮುಂದೆ ಬಾಯಿ ಬಿಡಲಿಲ್ಲ. ಮನೆಗೆ ಬಂದು ಹೆಚ್ಚಾದದ್ದನ್ನು ತೆಗೆಸಿದ. ನಾಲ್ಕು ವರ್ಷ ಬಾಯಿಗೆ ಬಂದದ್ದನ್ನು ಆಡಿದವನ ಬಗ್ಗೆ ಅವನು ಮಗಳಿಗೆ ಹೇಳಿದ್ದು ಇಷ್ಟೇ: ಕಡಿಮೆ ಅಳೆಯುವವನಲ್ಲ. ಯಾವ ಅಳತೆಯ ಮಾತು ಇದು? ಅರಿವೆಯದೆಂದು ಬಸಗೊಂಡಪ್ಪ ತನಗೆ ತಾನು ಹೇಳಿಕೊಂಡ. ಅರಿವೆಯದೇ ಇರಬೇಕು.

"ನಿನ್ನ ಹಂತೇಕ ಟೇಪ್ ಇದ್ದಿಲ್ಲೇನ್?" ಎಂದು ಕೇಳಿದ.

"ಇತ್ತರಿ. ನಾ ಅಳೀತೀನಿ ಅಂದ್ನಿ. ಬ್ಯಾಡ ಅಂದ."

"ಹೆಚ್ಚ ಅಳೀತೀನಿ ಅಂತ ಗೊತ್ತಿದ್ರ, ಮತ್ತ ನನ್ನ ಕಡೆ ಯಾಕ ಬಂದ?"

ಅಂಜನಾ ಫ್ರೇಮನ್ನೆತ್ತಿ ಗೋಡೆಗೆ ಆನಿಸಿದಳು. ಬೀಳುವುದೋ ಎಂದು ಎರಡೂ ಕೈ ಮುಂದೆ ಹಿಡಿದು ತುಸು ಹೊತ್ತು ನಿಂತಳು. "ಅಣ್ಣ ಅಳದದ್ದ ಇರಲಿ ಅಂದ" ಎಂದಳು.

ಬಸಗೊಂಡಪ್ಪ ಗಜಕಡ್ಡಿಯನ್ನು ಊರಿಕೊಂಡು ಎದ್ದ. ಪ್ಯಾಂಟನ್ನು ಇದ್ದ ಗೂಟಕ್ಕೇ ಹಾಕಿದ. ಮಂಚದ ಕೆಳಗೆ ತನ್ನ ಅಂಗಡಿಯ ಹೆಸರಿದ್ದ ಡಬ್ಬಿಗಳು ಸಾಲಾಗಿದ್ದವು, ಒಂದೊಂದನ್ನು ಕೊಡುವಾಗಲೂ ಒಂದೊಂದು ಮಾತು ಕಟ್ಟಿ ಕೊಟ್ಟ ಡಬ್ಬಿಗಳು. ಆ ಡಾಕ್ಟರಿಗೆ ಫೋನು ಮಾಡಿ ಗಾಡಿ ಕಳಿಸುವುದು ಬೇಡವೆಂದು ಹೇಳು ಎಂದ. ಏನೆಂದು ಹೇಳಲಿ ಎಂದು ಅವಳು ಕೇಳಿದಳು. "ನಿಮ್ಮ ಗೆಳೆಯಾಗ ಆಗೂದಿಲ್ಲ ಅಂತ ಹೇಳು. ಯಾರಿಗೂ ಆಗೂದಿಲ್ಲ." ಬಾಗಿಲ ಕಡೆ ತಿರುಗಿ, "ಹಲ್ಲ ಕೀಳಾವರು ಹಲ್ಲ ಕೀಳಲಿ" ಎಂದು ಸೇರಿಸಿದ. ನಡುಮನೆಯನ್ನು ದಾಟುವಾಗ ವಂದನಾ ಎದ್ದು ಕುಳಿತಿದ್ದಳು. ಎಲ್ಲ ಕೇಳಿಸಿಕೊಂಡಿರಬೇಕು. ಅವನ ಕೈಯಲ್ಲಿದ್ದ ಕಡ್ಡಿಯನ್ನು ಕಂಡಳು, ಕುಡಿಯಲು ನೀರು ತಂದು ಅವನ ಮುಂದಿಟ್ಟಳು.

ಸಂಜೆ ಮತ್ತೊಮ್ಮೆ ಸ್ನಾನ ಮಾಡಿ, ವಿಭೂತಿ ಧರಿಸಿ, ಅವನು ಪೂಜೆಗೆ ಕುಳಿತ. ಎಡ ಅಂಗೈಯಲ್ಲಿ ಲಿಂಗ. ಹೆಬ್ಬೆರಳು ಕಾಣಿಸಿತು, ಈ ಸಲ ತನ್ನನ್ನು ಬೈದುಕೊಳ್ಳಲಿಲ್ಲ. ಶಿವನೇ, ಎಂದ, ಎಂದೂ ಇಲ್ಲದೆ ಗಟ್ಟಿಯಾಗಿ, ಪರಮಾನಂದ ನಿನ್ನ ಕಡೆ ಬಂದಾನ. ಅವನ ಕುಣಿ ನನ್ನ ಬೆರಳಿನಿಂದ ಸಡಿಲ ಆತು, ಅವನು ಅಲ್ಲಿ ಆಸರೆಯಿಲ್ಲದೆ ವಾಲದಂತೆ ನೀನೇ ಮಗ್ಗುಲಿಗೆ ನಿಂತುಕೊ. ನಾನು ಅಳೆದದ್ದರಲ್ಲಿ ಹೆಚ್ಚಾದದ್ದನ್ನು ಅವನು ತಾನೇ ತೆಗೆಸಿ ಹೋಗಿದ್ದಾನೆ; ನನ್ನ ಬಾಯಿಂದ ಅವನಿಗೆ ಕಡಿಮೆ ಬಿದ್ದದ್ದನ್ನು ನೀನು ತುಂಬಿಕೊಡು. ನಿನ್ನಲ್ಲಿಗೆ ಬರುವ ಹಾದಿ ಗರಸಿನದೇ ಇದ್ದರೂ ಅವನು ಬೇಡವೆನ್ನುವವನಲ್ಲ. ನೀರಿನ ದಂಡೆಯ ಮೇಲೆ ಕರೆದುಕೊಂಡು ಹೋಗು, ಅವಸರ ಮಾಡಬೇಡ, ಅವನು ನೋಡುತ್ತ ಬರಲಿ. ಅವನ ಜೀವಕ್ಕೆ ಶಾಂತಿ ಕೊಡು ತಂದೆ. ಅವನ ಜೀವಕ್ಕೆ ಶಾಂತಿ ಕೊಡು.